ಪೊಂಗಲಿನ ಅಡಿಯ ಬಸವಣ್ಣ

ಗೆದ್ದವರು ಸುಮ್ಮನಿರಬೇಕು ಎಂದು ದೊಡ್ಡವರು ಹೇಳುತ್ತಾರೆ. ಹಾಗೆ ಹೇಳಿದ ದೊಡ್ಡವರು ಜನ್ಮದಲ್ಲಿ ಏನನ್ನೂ ಗೆದ್ದಿರಲಿಕ್ಕಿಲ್ಲ ಎಂದು ನನ್ನ ಅನುಮಾನ. ನಾನು ಗೆದ್ದು ಇವತ್ತಿಗೆ ಮೂರು ವಾರವಾಯಿತು, ಇನ್ನೂ ಬಾಯಿ ನಿಂತಿಲ್ಲ. ಡೈರಿಯಲ್ಲಿ ಹಾಲು ಹಾಕುವ ಸಾಲಿನಲ್ಲಿ ಹೇಳಿದೆ. ನಮ್ಮೂರು ಸೋಸಲೆಯಿಂದ ನರಸೀಪುರಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸಿಗೆ ಹೇಳಿದೆ. ಪಾಪ, ಆಕೆ ತನ್ನ ಸ್ಟಾಪಿಗಿಂತ ಒಂದು ಸ್ಟಾಪು ಮುಂಚೆಯೇ ಇಳಿದುಹೋದಳು. ನಮ್ಮ ಎರಡು ಹಸುಗಳಿಗೂ ಹೇಳಿದೆ. ಕಟ್ಟಿಹಾಕಿದ್ದರಿಂದ ಅವು ಮಾತ್ರ ಪೂರ್ತಿ ಕೇಳಿದವು. ಈಗ ಊರಿನಲ್ಲಿ ಹೊಸದಾಗಿ ಕೇಳುವವರು ಯಾರೂ ಉಳಿದಿಲ್ಲ. ಅದಕ್ಕೇ ಬರೆಯಲು ಕೂತೆ. ನಾನು ಓದಿದ್ದು ಮೂರನೇ ಕ್ಲಾಸಿನ ತನಕ. ನಾಲ್ಕಕ್ಕೆ ಸೇರುವ ಹೊತ್ತಿಗೆ ಮನೆಯಲ್ಲಿ ಎಮ್ಮೆ ಕರು ಹಾಕಿತು, ನೋಡಿಕೊಳ್ಳಲು ಒಬ್ಬರು ಬೇಕು ಎಂದು ನಮ್ಮಪ್ಪ ನನ್ನನ್ನು ಸ್ಕೂಲು ಬಿಡಿಸಿದರು. ಆ ಎಮ್ಮೆ ಆಮೇಲೆ ಇನ್ನೂ ಆರು ಸಲ ಕರು ಹಾಕಿತು, ನಾನು ಮಾತ್ರ ನಾಲ್ಕನೇ ಕ್ಲಾಸಿಗೆ ಹೋಗಲಿಲ್ಲ. ಆದ್ದರಿಂದ ಇದರಲ್ಲಿ ತಪ್ಪು ಕಂಡರೆ ನನ್ನನ್ನು ಬೈಯಬೇಡಿ, ಎಮ್ಮೆಯನ್ನು ಬೈಯಿರಿ.

ವಿಷಯ ನನ್ನ ಮೊಮ್ಮಗಳದು. ಹೆಸರು ಚಿನ್ನಿ, ವಯಸ್ಸು ಎರಡೂವರೆ. ನನ್ನ ಮಗಳು ಸವಿತಾಳನ್ನು ನಂಜನಗೂಡಿಗೆ ಕೊಟ್ಟಿದ್ದೇವೆ. ಅಳಿಯ ಮಹೇಶ ಪಕ್ಕದ ತಾಂಡ್ಯದಲ್ಲಿ ಒಂದು ಫ್ಯಾಕ್ಟರಿಗೆ ಹೋಗುತ್ತಾರೆ, ಬಂಗಾರದಂಥ ಹುಡುಗ. ಮೊಮ್ಮಗಳಂತೂ ಬಂಗಾರಕ್ಕೂ ಒಂದು ಕೈ ಮೇಲೆ. ಮಾತು ಬರುತ್ತದೆ, ಕುಣಿತ ಬರುತ್ತದೆ, ಕೋಪ ಬರುತ್ತದೆ. ಬಾರದ್ದು ಒಂದೇ, ಊಟ. ತುತ್ತು ಕಂಡರೆ ತುಟಿ ಎರಡನ್ನೂ ಒಳಕ್ಕೆ ಎಳೆದುಕೊಂಡು, ಬಾಯಿ ಎಂಬ ಅಂಗವೇ ತನಗಿಲ್ಲ ಎನ್ನುವ ಹಾಗೆ ಕೂರುತ್ತಾಳೆ. ಆ ಬಾಯಿ ತೆರೆಯುವ ಬೀಗದ ಕೈ ಎಂದರೆ ಫೋನು. ಫೋನಿನಲ್ಲಿ ಒಂದು ಹಳದಿ ಬಾತುಕೋಳಿ ಕುಣಿಯುತ್ತದೆ. ಅದು ಕುಣಿಯುವಾಗ ಕೂಸು ಬಾಯಿ ಕಳೆದು ನೋಡುತ್ತದೆ, ಆ ಸಂದಿನಲ್ಲಿ ತುತ್ತು ತುರುಕಬೇಕು. ಚಾರ್ಜು ಮುಗಿದರೆ ಊಟವೂ ಮುಗಿಯಿತು.

ಮಾರ್ಗಶಿರದ ಚಳಿಯಲ್ಲಿ ಕೂಸಿಗೆ ಕೆಮ್ಮು ಬಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಕೆಮ್ಮನ್ನು ಬಿಟ್ಟು ತೂಕದ ಮೇಲೆ ಬಿದ್ದರು. "ವಯಸ್ಸಿಗೆ ಸಾಲದು ಕಣಮ್ಮ. ತಿನ್ನೋದು ಏನು ಅಂತ ಮಗೂಗೇ ಗೊತ್ತಾಗ್ತಿಲ್ಲ. ಮೊದಲು ಆ ಫೋನ್ ಬಿಡಿಸಿ" ಎಂದರಂತೆ. ಬಿಡಿಸಿದರು. ಮೂರು ದಿನ ಕೂಸು ಬರೀ ಹಾಲು, ಬಿಸ್ಕತ್ತಿನಲ್ಲಿ ಕಾಲ ಕಳೆಯಿತು. ನಾಲ್ಕನೇ ದಿನ ಸವಿತಾ ನನಗೆ ಫೋನು ಮಾಡಿ ಗೊಳೋ ಎಂದು ಅತ್ತಳು. "ಅವ್ವ, ಓದ್ ವರ್ಷದ ಚಡ್ಡಿ ಈಗ್ಲೂವೆ ಜಾರ್ತದೆ ಕಣವ್ವ. ಪಿನ್ನು ಆಕಿವ್ನಿ" ಎಂದಳು. ಬೆಳೆಯುವ ಕೂಸಿನ ಬಟ್ಟೆ ಬಿಗಿಯಾಗಬೇಕು, ಜಾರುತ್ತದೆ ಎಂದರೆ ಯಾವ ಅಜ್ಜಿಗೆ ತಡೆದೀತು?

ಇದರ ನಡುವೆ ನನ್ನ ಬೀಗಿತಿ ಜಯಮ್ಮನವರ ಪಾಡು ಬೇರೆ. ಅವರು ಅಂಗನವಾಡಿ ಟೀಚರಾಗಿದ್ದವರು, ಈಗ ರಿಟೈರಾಗಿದ್ದಾರೆ. ದಿನಕ್ಕೆ ನಲವತ್ತು ಮಕ್ಕಳನ್ನು ಸಾಲಾಗಿ ಕೂರಿಸಿ, ಹಾಡು ಹೇಳಿಸಿ, ಉಪ್ಪಿಟ್ಟು ತಿನ್ನಿಸಿ, ಮೂತಿ ಒರೆಸಿ ಕಳಿಸಿದ ಕೈ. ಅಂಥವರಿಗೆ ತಮ್ಮ ಮಗನ ಒಂದೇ ಒಂದು ಕೂಸಿಗೆ ಒಂದು ಹಿಡಿ ಅನ್ನ ಉಣ್ಣಿಸಲಾಗದೆ ಹೋದರೆ ಹೇಗಾಗಬೇಡ! ಇದೆಲ್ಲ ನನಗೆ ಅರ್ಥವಾಗುತ್ತದೆ. ಆದರೆ ಅರ್ಥವಾಗುವುದಕ್ಕಿಂತ ಮುಂಚೆ ಬಾಯಿ ಓಡುವುದು ನನ್ನ ಜಾಯಮಾನ. ಆವತ್ತು ಸವಿತಾ ಅಳುತ್ತಿದ್ದ ಫೋನನ್ನು ಜಯಮ್ಮನವರು ತೆಗೆದುಕೊಂಡು, "ಏನ್ ಮಾಡದು ಬೀಗ್ರೇ, ನನ್ ಕೈಲೇ ಆಗ್ನಿಲ್ಲ ಅಂದ್ಮೇಲೆ..." ಎಂದು ಮಾತನ್ನು ಅಲ್ಲಿಗೇ ಬಿಟ್ಟರು. ಆ ಬಿಟ್ಟ ಜಾಗದಲ್ಲಿ 'ಇನ್ನು ನಿಮ್ಮ ಕೈಲಿ ಏನಾದೀತು' ಎಂಬ ಮಾತು ನನಗೆ ಕೇಳಿಸಿತು. ಅವರು ಹೇಳಿರಲಿಲ್ಲ, ಆದರೂ ಕೇಳಿಸಿತು.

"ಸಂಕ್ರಾಂತಿಗೆ ಕೂಸ ಕರ್ಕಂಡು ಬನ್ನಿ ಬೀಗ್ರೇ. ಫೋನಿಲ್ದೆ ಒಂದು ತಟ್ಟೆ ಪೂರ್ತಿ ಉಣ್ಣಿಸ್ತೀನಿ" ಎಂದುಬಿಟ್ಟೆ.

ಜಯಮ್ಮ ನಿಧಾನವಾಗಿ, "ಆಗ್ಲಿ, ಬತ್ತೀವಿ. ಆದ್ರೆ ನಿಮ್ ಕೈಲೂ ಆಗ್ನಿಲ್ಲ ಅಂದ್ರೆ ಮಾತ್ರ ಫೋನ್ ವಾಪಸ್ ಕೊಟ್ಬುಡದೇ ಸರಿ. ಕೂಸು ಎಷ್ಟು ದಿನ ಅಂತ ಉಪಾಸ ಇದ್ದದು?" ಎಂದರು.

ಫೋನಿಟ್ಟ ಮೇಲೆ ನಮ್ಮ ಯಜಮಾನರು ಜಗಲಿಯಿಂದಲೇ ಕೇಳಿದರು. "ಎಂಗಮ್ಮಿ ಉಣ್ಸೀಯೆ?"

"ಗೊತ್ತಿಲ್ಲ" ಎಂದೆ. ಸುಳ್ಳು ಹೇಳಲು ಬರಲಿಲ್ಲ.

ಮಾಡಬೇಕಾದ ಕೆಲಸ ಹೇಗೆಂದು ತಿಳಿಯದಿದ್ದಾಗ ಪಕ್ಕದ ಕೆಲಸ ಹಿಡಿಯುವುದು ನನ್ನ ಹಳೆಯ ಚಾಳಿ. ಸವಿತಾಳ ಮದುವೆಯ ಹಿಂದಿನ ದಿನ ಹೂವಿನವನು ಬರಲಿಲ್ಲ ಎಂದು ಮನೆಯವರೆಲ್ಲ ಬಾಯಿ ಬಡಿದುಕೊಳ್ಳುತ್ತಿದ್ದಾಗ ನಾನು ಕೊಟ್ಟಿಗೆಗೆ ಸುಣ್ಣ ಬಳಿಯುತ್ತಿದ್ದೆ. ಹಾಗೆಯೇ ಈಗ, ಕೂಸಿಗೆ ಉಣ್ಣಿಸುವುದು ಹೇಗೆ ಎಂದು ಯೋಚಿಸಬೇಕಾದವಳು, ಉಣ್ಣಿಸುವುದು ಯಾವ ತಟ್ಟೆಯಲ್ಲಿ ಎಂದು ಯೋಚಿಸತೊಡಗಿದೆ. ಹಬ್ಬಕ್ಕೆ ಬಾಳೆ ಎಲೆಯೇ ಸರಿ, ಒಪ್ಪಿದೆ. ಆದರೆ ಹೋದ ಯುಗಾದಿಗೆ ಚಿನ್ನಿ ತನ್ನ ಎಲೆಯನ್ನು ಮೇಲಿಂದ ಕೆಳಗೆ ಸೀಳಿ, ಸಾರೆಲ್ಲ ಹರಿದು ಜಯಮ್ಮನವರ ರೇಷ್ಮೆ ಸೀರೆಗೆ ಸೇರಿತ್ತು. ಆದ್ದರಿಂದ ಎಲೆ ಬೇಡ. ಇನ್ನು ಉಳಿದದ್ದು ನಮ್ಮ ಸ್ಟೀಲಿನ ತಟ್ಟೆಗಳು. ದೀಪಾವಳಿಗೆ ನಂಜನಗೂಡಿಗೆ ಹೋಗಿದ್ದಾಗ ಜಯಮ್ಮನವರ ಮನೆಯಲ್ಲಿ ನಾನು ಉಂಡದ್ದು ಬಿಳಿ ಪಿಂಗಾಣಿಯಲ್ಲಿ. ಅಂಚಿಗೆಲ್ಲ ಸಣ್ಣ ನೀಲಿ ಹೂವು, ಎಲ್ಲರಿಗೂ ಒಂದೇ ಥರ. ಅವರು ರಿಟೈರಾದಾಗ ಜೊತೆಯ ಟೀಚರುಗಳು ಕೊಟ್ಟದ್ದಂತೆ. ಅದರ ಮುಂದೆ ನಮ್ಮ ತಟ್ಟೆಗಳನ್ನು ಹಾಕುವುದು ಹೇಗೆ? ಒಂದೊಂದು ಒಂದೊಂದು ಕಾಲದ್ದು. ನಮ್ಮ ಯಜಮಾನರು ಉಣ್ಣುವ ತಟ್ಟೆಯ ಮೇಲಂತೂ 'ಕೆಂಪಮ್ಮ' ಎಂದು ಹೆಸರು ಕೊರೆದಿದೆ. ಯಾವುದೋ ಮದುವೆಯಲ್ಲಿ ಅದಲು ಬದಲಾಗಿ ಬಂದದ್ದು, ನಮ್ಮದು ಯಾರ ಮನೆ ಸೇರಿತೋ. ನಾನು ಮದುವೆಯಾಗಿ ಬಂದ ಎರಡನೇ ದಿನ ತಟ್ಟೆ ತೊಳೆಯುತ್ತ ಆ ಹೆಸರು ಓದಿ, ಯಾರೀ ಕೆಂಪಮ್ಮ ಎಂದು ಒಂದಿಡೀ ದಿನ ಉಪವಾಸ ಕೂತಿದ್ದೆ. ಮೂರನೇ ಕ್ಲಾಸಿನ ತನಕ ಓದಿದ್ದು ನನಗೆ ಆವತ್ತೊಂದು ದಿನ ದಂಡವಾಯಿತು.

ಸರಿ, ತಟ್ಟೆ ತರಲು ಇಬ್ಬರೂ ನರಸೀಪುರಕ್ಕೆ ಹೋದೆವು. ಪಾತ್ರೆ ಅಂಗಡಿಯಲ್ಲಿ ತಟ್ಟೆಗಳ ಗೋಡೆಯೇ ಇತ್ತು. ನಮ್ಮ ಯಜಮಾನರಿಗೆ ಚಿತ್ರ, ಬಣ್ಣ ಯಾವುದೂ ಬೇಡ. ಮಡಕೆ ಕೊಳ್ಳುವ ಹಾಗೆ ಪ್ರತಿಯೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೆ ಹಿಡಿದರು. ಅಂಗಡಿಯವರು ಮೊದಲು ತೋರಿಸಿದ್ದು ನೀಲಿ ಹೂವಿನದು. ಬೀಗಿತಿಯನ್ನು ನೋಡಿ ಕಾಪಿ ಹೊಡೆದಳು ಎಂದಾಗುತ್ತದೆ, ಬೇಡ. ಆಮೇಲೆ ಪೂರಾ ಬಿಳಿ. ಆಸ್ಪತ್ರೆಯ ನೆನಪಾಯಿತು. ಆಮೇಲೆ ಪೂರಾ ಕಪ್ಪು, ಈಗ ಇದೇ ಫ್ಯಾಷನ್ನು ಎಂದರು. ಹಬ್ಬದ ದಿನ ಬೀಗರನ್ನು ದೋಸೆ ಹೆಂಚಿನ ಮುಂದೆ ಕೂರಿಸಲೇ? ಚೌಕಾಕಾರದ ತಟ್ಟೆಯ ಮೇಲೆ ಬಾಳೆ ಎಲೆಯ ಚಿತ್ರ ಬರೆದದ್ದೊಂದಿತ್ತು. ಹಿತ್ತಲಲ್ಲಿ ಹನ್ನೆರಡು ಬಾಳೆ ಗಿಡ ಇಟ್ಟುಕೊಂಡು ಎಲೆಯ ಚಿತ್ರ ಕೊಂಡು ತಂದರೆ ಊರವರು ಏನೆಂದಾರು? ದ್ರಾಕ್ಷಿ ಗೊಂಚಲು, ನವಿಲು, ಗುಲಾಬಿ ಎಲ್ಲ ಬಂದು ಹೋದವು. ಯಾವುದಕ್ಕೂ ಹಬ್ಬದ ಕಳೆ ಇಲ್ಲ. ನಮ್ಮ ಯಜಮಾನರು ಬೇಸತ್ತು, "ಉಣ್ಣದು ಅನ್ನವೋ ತಟ್ಟೆಯೋ? ಬೇಗ ನೋಡಮ್ಮಿ, ಹಾಲು ಕರ್ಯೋ ಹೊತ್ತಾಯ್ತು" ಎಂದರು.

ಆಗ ಅಂಗಡಿಯವರು ಒಳಗಿನ ಕಪಾಟಿನಿಂದ ಒಂದು ಕಟ್ಟು ತಂದು, "ಇದೂ ನೋಡ್ಬುಡಿ ಅಮ್ಮ. ಹೋದ ತಿಂಗಳು ಬಂದ ಹಬ್ಬದ ಮಾಲು, ಇಷ್ಟೇ ಉಳಿದಿರೋದು. ಒಡಿಯಲ್ಲ" ಎಂದು, ಒಂದನ್ನು ಕೈಯಿಂದ ಕೆಳಗೆ ಬಿಟ್ಟೇ ತೋರಿಸಿದರು. ಒಡೆಯಲಿಲ್ಲ. ನಮ್ಮ ಯಜಮಾನರಿಗೆ ಇದು ತಟ್ಟಿ ನೋಡುವುದಕ್ಕಿಂತ ಹೆಚ್ಚು ರುಚಿಸಿತು, ಅವರೂ ಎರಡು ಸಲ ಬಿಟ್ಟು ನೋಡಿದರು. ನಾನು ನೆಲಕ್ಕೆ ಬಿದ್ದ ತಟ್ಟೆಯನ್ನು ಎತ್ತಿಕೊಂಡು ನೋಡಿದೆ. ನೋಡಿ, ಹಾಗೇ ನಿಂತುಬಿಟ್ಟೆ. ತಟ್ಟೆಯ ತುಂಬ ಬಸವಣ್ಣ! ಕೊರಳಿಗೆ ಕೆಂಪು ಪಟ್ಟಿ, ಪಟ್ಟಿಗೆ ಒಂದು ಸಾಲು ಗಂಟೆ, ಬೆನ್ನ ಮೇಲೆ ಹೊದಿಸಿದ ಹಸಿರು ಜೂಲು. ಕೊಂಬಂತೂ ಕೇಳಬೇಡಿ, ಎಷ್ಟು ಸಿಂಗಾರ ಮಾಡಿದ್ದಾರೆ ಎಂದರೆ ಕೊಂಬಿನಿಂದ ಕೊಂಬು ಹೊರಟು ಮೇಲಕ್ಕೆ ಹೋಗಿದೆ. ನಮ್ಮೂರಲ್ಲಿ ಸಂಕ್ರಾಂತಿಗೆ ಕೊಂಬಿಗೆ ಹಿತ್ತಾಳೆ ಕೊಂಬಣಸು, ಬಲೂನು, ಹೂವು, ಬಣ್ಣದ ಟೇಪು ಎಲ್ಲ ಕಟ್ಟುವಾಗ ಹೀಗೆಯೇ ಕಾಣುತ್ತದೆ. ಬಸವಣ್ಣನ ಹಿಂದೆ ಒಂದು ಗಾಡಿ, ಆದರೆ ಚಕ್ರ ಇಲ್ಲ. ಚಕ್ರ ಇಲ್ಲದೆ ಎಳೆಯುವುದು ಏನು? ಗದ್ದೆ ಮಟ್ಟ ಮಾಡುವ ಹಲಗೆ. ಸುತ್ತ ಬೆಳ್ಳಗೆ ಹರಡಿಕೊಂಡಿದ್ದದ್ದು ನೀರು ನಿಲ್ಲಿಸಿದ ಗದ್ದೆ. ದೂರದಲ್ಲಿ ಮೊನಚು ಮೊನಚಾಗಿ ಸರ್ವೆ ಮರದ ಸಾಲು. ನಮ್ಮ ಕಾವೇರಿ ದಂಡೆಯಲ್ಲಿ ನಿಂತು ಯಾರೋ ಪುಣ್ಯಾತ್ಮರು ಬರೆದ ಹಾಗಿತ್ತು. ಇಷ್ಟು ದಿನ ತಟ್ಟೆ ಮಾಡುವವರಿಗೆ ರೈತರ ಹಬ್ಬ ಕಂಡಿರಲಿಲ್ಲ, ಈಗ ಕಂಡಿತಲ್ಲ ಎಂದು ಕಣ್ಣಲ್ಲಿ ನೀರೇ ಬಂತು. ಇದ್ದ ಅಷ್ಟನ್ನೂ ಕಟ್ಟಿಸಿಕೊಂಡೆ.

ಮನೆಗೆ ಬಂದ ಮೇಲೆ ಯಜಮಾನರು ಒಂದು ತಟ್ಟೆಯನ್ನು ಬಿಸಿಲಿಗೆ ಹಿಡಿದು, ದನದ ಸಂತೆಯಲ್ಲಿ ಎತ್ತು ನೋಡುವ ಕಣ್ಣಿನಿಂದ ನೋಡಿದರು. "ಇದ್ಯಾವ ತಳಿ? ಹೆಗಲ್ ಮ್ಯಾಲೆ ಡುಬ್ಬನೇ ಇಲ್ಲ?"

"ನಮ್ ಕೊಟ್ಟಿಗೆ ಸೀಮೆಹಸೀಗೆ ಡುಬ್ಬ ಅದಾ?" ಎಂದೆ.

"ಸೀಮೆ ಎತ್ತು ಇರ್ಬೋದು" ಎಂದು ಒಳಗಿಟ್ಟರು. ನಲವತ್ತು ವರ್ಷ ದನದ ಜೊತೆ ಬಾಳಿದವರಿಗೆ ಗೊತ್ತಾಗಲಿಲ್ಲ ಎಂದ ಮೇಲೆ ನನ್ನ ತಪ್ಪೇನು ಎಂದು ನೀವೇ ಹೇಳಿ.

ಹಬ್ಬದ ಹಿಂದಿನ ಸಂಜೆ ಎಲ್ಲರೂ ಬಂದರು. ಸವಿತಾ ಕೂಸನ್ನು ನನ್ನ ಕೈಗಿತ್ತಾಗ ಹತ್ತಿಯ ಮೂಟೆ ಎತ್ತಿದ ಹಾಗಾಯಿತು. ದೊಡ್ಡದಾಗಿ ಕಾಣುತ್ತದೆ, ತೂಕವೇ ಇಲ್ಲ. ರಾತ್ರಿ ಹಾಲು ಕುಡಿದು ಮಲಗಿತು. ಬೆಳಗ್ಗೆ ದನಗಳ ಮೈ ತೊಳೆದು, ಅರಿಶಿನ ಹಚ್ಚಿ, ಕೊಂಬಿಗೆ ಬಣ್ಣ ಬಳಿದು, ಒಲೆಯಿಂದಿಳಿದ ಪೊಂಗಲನ್ನು ವಾಡಿಕೆಯಂತೆ ಮೊದಲು ಅವಕ್ಕೆ ತಿನ್ನಿಸಿದೆವು. ಚಿನ್ನಿಗೆ ಕೆಂಪು ಲಂಗ ಹಾಕಿ ಎಳ್ಳು ಬೀರಿಸಿಕೊಂಡು ಬಂದೆವು. ಹೋದ ಮನೆಯಲ್ಲೆಲ್ಲ ಎಳ್ಳು ಕೊಟ್ಟಳೇ ಹೊರತು ಒಂದು ಕಾಳು ಬಾಯಿಗೆ ಹಾಕಲಿಲ್ಲ. ಜಯಮ್ಮನವರು ನನ್ನನ್ನೊಮ್ಮೆ ನೋಡಿದರು.

ಮಧ್ಯಾಹ್ನ ಚಾಪೆ ಹಾಸಿ ತಟ್ಟೆಗಳನ್ನು ಸಾಲಾಗಿ ಇಟ್ಟೆ. ಸಿಹಿ ಪೊಂಗಲು, ಖಾರದ ಪೊಂಗಲು, ಹಿತಕಿದ ಅವರೆಕಾಳು ಸಾರು, ಗೆಣಸಿನ ಪಲ್ಯ ಎಲ್ಲ ಹೊಗೆಯಾಡುತ್ತಿವೆ. ಜಯಮ್ಮನವರು ಕೂರುವ ಮುಂಚೆ ಬಗ್ಗಿ, ಕನ್ನಡಕ ಸರಿ ಮಾಡಿಕೊಂಡು ತಟ್ಟೆ ನೋಡಿದರು.

"ಇದೇನ್ ಬೀಗ್ರೇ ಇದು?"

"ಬಸವಣ್ಣ. ಸಂಕ್ರಾಂತಿಗೆ ಅಂತ್ಲೇ ಬಂದಿರೋ ತಟ್ಟೆ" ಎಂದೆ, ಸೆರಗು ಸರಿ ಮಾಡಿಕೊಳ್ಳುತ್ತ.

"ಬಸವಣ್ಣನ ಮುಖದ್ ಮ್ಯಾಲೆ ಸಾರು ಹುಯ್ಕಂಡು ನೆಕ್ಕಂಡು ತಿನ್ನದಾ? ನಾವು ನಂಜುಂಡಪ್ಪನ ಒಕ್ಕಲು ಕಣ್ರೀ! ಅವ್ನ ವಾಹನ ಅದು. ಕಾಲಲ್ಲಿ ಒದ್ದಂಗಾಯ್ತದೆ."

"ಬೆಳಗ್ಗೆ ದನಕ್ಕೆ ಮೊದ್ಲು ತಿನ್ಸಿ ತಾನೇ ನಾವು ಉಣ್ಣಕೆ ಕೂತಿರದು? ತಟ್ಟೆಲಿರೋ ಬಸವಂಗೂ ಮೊದ್ಲ ತುತ್ತು ಬಿತ್ತು ಅನ್ಕಳಿ."

"ತಿನ್ಸದು ಸರಿ. ಕೊಟ್ಟಿಗೇಲಿ ತಿನ್ಸ್‌ಬುಟ್ಟು ಅದ್ರ ಬೆನ್ ಮ್ಯಾಲೇ ಎಡೆ ಮಾಡ್ಕಂಡು ತಿಂದ್ರಾ?"

ನಲವತ್ತು ಮಕ್ಕಳನ್ನು ಒಟ್ಟಿಗೆ ಸುಮ್ಮನಾಗಿಸಿದ ಬಾಯಿ ಅದು. ನಾನೊಬ್ಬಳು ಎಷ್ಟರವಳು? ಅವರು ಹೇಳಿದ್ದರಲ್ಲಿ ನ್ಯಾಯವೂ ಇತ್ತು, ಅದೇ ಇನ್ನೂ ಸಂಕಟ. ಅಂಗಡಿಯಲ್ಲಿ ಅಷ್ಟು ಹೊತ್ತು ನಿಂತು, ಅಷ್ಟು ತಟ್ಟೆ ಬೇಡವೆಂದು, ಕೊನೆಗೆ ದೇವರ ತಲೆಯ ಮೇಲೆ ಸಾರು ಹೊಯ್ಯುವ ಬುದ್ಧಿ ನನಗೆ ಯಾಕೆ ಬಂತು? ಮುಖ ಸಪ್ಪಗಾಯಿತು. "ಓಗ್ಲಿ ಬುಡಿ, ಎಲೆನೇ ಕುಯ್ಯವ" ಎಂದು ಸವಿತಾಳ ಕೈಗೆ ಕುಡುಗೋಲು ಕೊಟ್ಟೆ. ಎಲೆ ಎಂದರೆ ಚಿನ್ನಿ ಸೀಳುತ್ತಾಳೆ, ಸೀಳಿದರೆ ಊಟವಿಲ್ಲ, ಊಟವಿಲ್ಲದಿದ್ದರೆ ಸಂಜೆಗೆ ಬಾತುಕೋಳಿ ವಾಪಸ್ಸು. ಅದು ನನಗೂ ಗೊತ್ತಿತ್ತು, ಸವಿತಾಳಿಗೂ ಗೊತ್ತಿತ್ತು.

ಅಷ್ಟರಲ್ಲಿ ಮಹೇಶ ಕಬ್ಬು ಕಡಿಯುತ್ತ ಒಳಗೆ ಬಂದರು. ತಟ್ಟೆ ಎತ್ತಿ ನೋಡಿ, ಬಾಯಲ್ಲಿದ್ದ ಕಬ್ಬಿನ ಸಿಪ್ಪೆ ನುಂಗಿಬಿಡುವವರ ಹಾಗೆ ಕೆಮ್ಮಿದರು.

"ಅತ್ತೆ... ಇದು ಬಸವ ಅಲ್ಲ ಅತ್ತೆ."

"ಮತ್ತೆ?"

"ಜಿಂಕೆ ಜಾತೀದು. ಹಿಮ ಬೀಳೋ ದೇಶದ್ದು. ಇದು ಕ್ರಿಸ್‌ಮಸ್ ತಟ್ಟೆ. ನಮ್ ಫ್ಯಾಕ್ಟರಿ ಕ್ಯಾಂಟೀನಲ್ಲಿ ಹೋದ ತಿಂಗಳು ಇದೇ ಚಿತ್ರ ನೇತಾಕಿದ್ರು."

"ಹಲಗೆ ಎಳೀತಾ ಅದಲ್ಲಪ್ಪ, ಗದ್ದೇಲಿ?"

"ಅದು ಹಲಗೆ ಅಲ್ಲ, ಹಿಮದ ಮೇಲೆ ಜಾರೋ ಗಾಡಿ. ಇದು ಗದ್ದೆ ಅಲ್ಲ, ಹಿಮ."

ಸರ್ವೆ ಮರ ಏನೆಂದು ನಾನು ಕೇಳಲೇ ಇಲ್ಲ, ಅದೊಂದಾದರೂ ಉಳಿಯಲಿ ಎಂದು. ಜಯಮ್ಮನವರು ಕಂಬ ಹಿಡಿದುಕೊಂಡು ನಕ್ಕರು. "ಜಿಂಕೇಗೆ ಅರಿಶಿನ ಬಳ್ದು ಕಿಚ್ಚು ಹಾಯ್ಸ್‌ಬುಡಿ ಬೀಗ್ರೇ" ಎಂದು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಮತ್ತೆ ನಕ್ಕರು. ಯಜಮಾನರು, "ಡುಬ್ಬ ಇಲ್ಲ ಅಂತ ನಾನ್ ಅವತ್ತೇ ಏಳ್ನಿಲ್ವಾ" ಎಂದು ತಾವು ಮಾತ್ರ ದಡ ಸೇರಿಕೊಂಡರು. ನಾನೊಬ್ಬಳು ನಗಲಿಲ್ಲ. ನನ್ನ ತಲೆಯಲ್ಲಿ ಲೆಕ್ಕವೊಂದು ಓಡುತ್ತಿತ್ತು.

"ಹಂಗಾರೆ ಇದು ಬಸವಣ್ಣ ಅಲ್ಲ?" ಎಂದೆ.

"ಅಲ್ವೇ ಅಲ್ಲ!" ಎಂದರು ಜಯಮ್ಮ, ನಗುತ್ತಲೇ.

"ನಂಜುಂಡಪ್ಪನ ವಾಹನವೂ ಅಲ್ಲ?"

"ಅಲ್ಲ."

"ಹಂಗಾರೆ ಪಾಪನೂ ಇಲ್ಲ. ಎಲೆ ಕುಯ್ಯದು ಬ್ಯಾಡ ಸವಿತಾ, ಬಡ್ಸಮ್ಮಿ!"

ಜಯಮ್ಮನವರ ನಗು ಅರ್ಧಕ್ಕೇ ನಿಂತು, ಬಾಯಿ ಮಾತ್ರ ತೆರೆದೇ ಇತ್ತು. ನಲವತ್ತು ಮಕ್ಕಳ ಟೀಚರಿಗೆ ಮೂರನೇ ಕ್ಲಾಸಿನವಳು ಕೊಟ್ಟ ಉತ್ತರ! ಆವತ್ತಿನ ಜಯ ಅಷ್ಟಕ್ಕೇ ಮುಗಿದಿದ್ದರೂ ನಾನು ಡೈರಿಯಲ್ಲಿ ಎರಡು ದಿನವಾದರೂ ಹೇಳುತ್ತಿದ್ದೆ.

ಆದರೆ ನಿಜವಾದ ಪಂದ್ಯ ಇನ್ನೂ ಬಾಕಿ ಇತ್ತು. ನಾವೆಲ್ಲ ಹೀಗೆ ಜಾತಿ ಕುಲ ವಿಚಾರಿಸುತ್ತಿದ್ದಾಗ ಚಿನ್ನಿ ಒಂದು ತಟ್ಟೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿದ್ದಳು. ಗಂಟೆಗಳ ಮೇಲೆ ಬೆರಳಿಟ್ಟು, "ಅಂಬಾ! ಅಂಬಾ ಗಂಟೆ!" ಎಂದಳು. ಮಹೇಶ, "ಅದು ಜಿಂಕೆ ಪುಟ್ಟಿ" ಎಂದದ್ದಕ್ಕೆ ಅಪ್ಪನ ಕಡೆ ತಿರುಗಿಯೂ ನೋಡಲಿಲ್ಲ. "ಅಂಬಾ" ಎಂದಳು. ನನ್ನ ಮೊಮ್ಮಗಳು ಎಂದರೆ ಹಾಗಿರಬೇಕು.

ನಾನು ಸೌಟಿನಲ್ಲಿ ಪೊಂಗಲು ತೆಗೆದು ಅವಳ ತಟ್ಟೆಗೆ ಹಾಕಿದೆ. ಅಂಬಾ ಮುಚ್ಚಿಹೋಯಿತು. ಕೂಸು ತಟ್ಟೆ ನೋಡಿತು, ನನ್ನನ್ನು ನೋಡಿತು, ಕೆಳತುಟಿ ನಡುಗಿತು. "ಅಂಬಾ ಓಯ್ತು" ಎಂದು ದೊಡ್ಡ ದನಿ ತೆಗೆದು ಅಳಲು ಶುರುಮಾಡಿತು. ಪೊಂಗಲನ್ನು ತಟ್ಟೆಯಿಂದಾಚೆ ತಳ್ಳಲು ಕೈ ಹಾಕಿತು. ಸವಿತಾಳ ಕೈ, ಅವಳಿಗೇ ಗೊತ್ತಿಲ್ಲದ ಹಾಗೆ, ಗೂಡಿನಲ್ಲಿದ್ದ ಫೋನಿನ ಕಡೆಗೆ ಹೋಯಿತು. ಜಯಮ್ಮನವರು ಕಣ್ಣು ಮುಚ್ಚಿಕೊಂಡರು. ಆ ಹೊತ್ತಿಗೆ ನನ್ನ ಬಾಯಿಯಿಂದ ಆ ಮಾತು ಎಲ್ಲಿಂದ ಬಂತೋ, ಇವತ್ತಿಗೂ ಗೊತ್ತಿಲ್ಲ.

"ಅಳ್ಬ್ಯಾಡ ಮಗ. ಅಂಬಾ ಹುಲ್ಲಿನ್ ಮೆದೆ ಒಳಗೆ ಬಚ್ಚಿಟ್ಕಂಡದೆ. ಮೆದೆ ತಿಂದ್ರೆ ಆಚೆ ಬತ್ತದೆ."

ಅಳು ನಿಂತಿತು. ಕೂಸು ಪೊಂಗಲಿನ ಗುಡ್ಡವನ್ನು ಅನುಮಾನದಿಂದ ನೋಡಿ, ಅಂಚಿನಿಂದ ಒಂದು ಚಿಟಿಕೆ ತೆಗೆದು ಬಾಯಿಗಿಟ್ಟುಕೊಂಡಿತು. ಬಗ್ಗಿ ನೋಡಿತು. ಏನೂ ಕಾಣಲಿಲ್ಲ. ಇನ್ನೊಂದು ಚಿಟಿಕೆ. ಮೂರನೆಯದು ಚಿಟಿಕೆಯಲ್ಲ, ಹಿಡಿ. ತಟ್ಟೆಯ ಮೇಲಂಚಿನಲ್ಲಿ ಕಂದು ಬಣ್ಣದ ಒಂದು ಗೆರೆ ಇಣುಕಿತು.

"ಕೊಂಬು!" ಎಂದು ಕೂಗಿದಳು.

"ಕೊಂಬು!" ಎಂದು ನಮ್ಮ ಯಜಮಾನರೂ ಕೂಗಿದರು. ಜಯಮ್ಮನವರು ಥಟ್ಟನೆ ತುಟಿಯ ಮೇಲೆ ಬೆರಳಿಟ್ಟು, "ಶ್! ಯಾರೂ ಮಾತಾಡ್ಬೇಡಿ" ಎಂದು ಅಂಗನವಾಡಿಯ ದನಿ ತೆಗೆದರು. ಎಲ್ಲರೂ ಕೈ ಕಟ್ಟಿಕೊಂಡೆವು. ನಮ್ಮ ನಮ್ಮ ತಟ್ಟೆಯ ಪೊಂಗಲು ಆರುತ್ತಿತ್ತು, ಯಾರಿಗೂ ಪರಿವೆಯಿಲ್ಲ. ಐದು ಜನ ದೊಡ್ಡವರು, ಒಂದು ತಟ್ಟೆಯ ಸುತ್ತ ಬಗ್ಗಿ, ಉಸಿರು ಬಿಗಿಹಿಡಿದು ಕೂತಿದ್ದೆವು. ಒಂದು ಕೊಂಬು ಪೂರ್ತಿ ಬಂತು. ಇನ್ನೊಂದು ಬಂತು. ಕಣ್ಣು ಬಂತು. ಗಂಟೆಗಳು ಒಂದೊಂದಾಗಿ ಬಂದವು. ಪ್ರತಿ ಗಂಟೆಗೂ ಒಂದು ತುತ್ತು. ನನ್ನ ಜೀವಮಾನದಲ್ಲಿ ದೇವಸ್ಥಾನದ ಗಂಟೆ ಕೂಡ ಅಷ್ಟು ಇಂಪಾಗಿ ಕೇಳಿಸಿರಲಿಲ್ಲ. ಬಾರಿಸದೆಯೇ ಕೇಳಿಸುತ್ತಿದ್ದವು.

ಗಂಟೆಗಳು ಮುಗಿದ ಮೇಲೆ ಕೂಸು ನಿಂತುಬಿಟ್ಟಿತು. ಅಂಬಾ ಮುಖ ಕಂಡಿತಲ್ಲ, ಇನ್ನೇನು ಎನ್ನುವ ಹಾಗೆ ಕೈ ಒರೆಸಿಕೊಂಡು ಏಳಲು ನೋಡಿತು. ಇನ್ನೂ ಅರ್ಧ ತಟ್ಟೆ ಬಾಕಿ. ನಾನು ಮಾತು ಕೊಟ್ಟದ್ದು ಪೂರ್ತಿ ತಟ್ಟೆಗೆ. ಏನು ಹೇಳಲಿ ಎಂದು ತಲೆ ಕೆರೆದುಕೊಂಡರೆ ಒಂದೂ ಹೊಳೆಯುತ್ತಿಲ್ಲ. ಇದ್ದ ಬುದ್ಧಿಯೆಲ್ಲ ಹುಲ್ಲಿನ ಮೆದೆಗೇ ಖರ್ಚಾಗಿತ್ತು. ಆಗ ನನ್ನ ಪಕ್ಕದಿಂದ ಮೆಲ್ಲಗೆ ಒಂದು ದನಿ ಬಂತು.

"ಕಾಲಿಲ್ದೆ ಅಂಬಾ ಮನೇಗೆ ಎಂಗೆ ಓಯ್ತದೆ ಚಿನ್ನಿ?"

ಜಯಮ್ಮನವರು. ಕೂಸು ಮತ್ತೆ ಕೂತಿತು. ಎರಡು ಕೈಯಲ್ಲೂ ತಿಂದಿತು. ಒಂದು ಕಾಲು, ಎರಡು ಕಾಲು, ಮೂರು, ನಾಲ್ಕು. ಕೊನೆಗೆ ಬಾಲದ ಮೇಲಿದ್ದ ಒಂದು ಗೋಡಂಬಿಯನ್ನೂ ಬಿಡಲಿಲ್ಲ. ತಟ್ಟೆಯನ್ನು ಎತ್ತಿ, ಅಡಿಯಲ್ಲಿ ಇನ್ನೊಂದು ಅಂಬಾ ಇದೆಯೇ ಎಂದು ಮಗುಚಿ ನೋಡಿ, ನನ್ನ ಕಡೆ ಚಾಚಿ, "ಮುಚ್ಚು" ಎಂದಳು. ಇನ್ನೊಮ್ಮೆ ಮುಚ್ಚು, ಇನ್ನೊಮ್ಮೆ ಬಡಿಸು ಎಂದು! ಆ ಕೂಸು ಹುಟ್ಟಿದ ಮೇಲೆ ಕೇಳಿ ಬಡಿಸಿಕೊಂಡದ್ದು ಅದೇ ಮೊದಲು. ಸವಿತಾ ಸೆರಗು ಬಾಯಿಗಿಟ್ಟುಕೊಂಡು ಹಿತ್ತಲಿಗೆ ಹೋದಳು. ಮಹೇಶ ಅವಳ ಹಿಂದೆ ಹೋದರು. ಯಜಮಾನರು ತಮಗೇನೂ ಆಗಿಲ್ಲವೆಂದು ತೋರಿಸಲು ತಣ್ಣಗಾದ ಪೊಂಗಲನ್ನು ಉಫ್ ಉಫ್ ಎಂದು ಊದಿ ತಿಂದರು.

ಜಯಮ್ಮನವರು ನನ್ನ ಕೈ ಹಿಡಿದುಕೊಂಡರು. "ಬೀಗ್ರೇ, ಮಕ್ಕಳ ತಟ್ಟೆ ಮ್ಯಾಲೆ ಏನ್ ಬೀಳ್ಬೇಕು ಅಂತ ಜನ್ಮೆಲ್ಲ ನೋಡ್ದೆ. ತಟ್ಟೆ ಒಳಗೆ ಏನಿರ್ಬೇಕು ಅಂತ ಒಂದಿನ ನೋಡ್ನಿಲ್ಲ ಕಣ್ರೀ" ಎಂದರು. ನಾನು ದೊಡ್ಡ ಮನಸ್ಸಿನಿಂದ, "ಅದಕ್ಕೇನ್ ಬುಡಿ" ಎಂದೆ. ಕಾಲಿನ ಮಾತು ಅವರದ್ದು, ಅದಿಲ್ಲದಿದ್ದರೆ ಅರ್ಧ ತಟ್ಟೆಗೇ ನನ್ನ ಮಾನ ಹೋಗುತ್ತಿತ್ತು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಡೈರಿಯ ಸಾಲಿನಲ್ಲಿ ಮಾತ್ರ ಇದನ್ನು ಹೇಳಿಲ್ಲ, ನೀವೂ ಹೇಳಬೇಡಿ.

ತಟ್ಟೆಗಳೆಲ್ಲ ಆವತ್ತೇ ನಂಜನಗೂಡಿಗೆ ಹೊರಟವು. ಅವು ಬೇಕಾಗಿರುವುದು ಅಲ್ಲೇ ತಾನೇ. ಈಗ ಜಯಮ್ಮನವರ ಮನೆಯಲ್ಲಿ ನೀಲಿ ಹೂವಿನವು ಕಪಾಟು ಸೇರಿ, ಮೂರು ಹೊತ್ತೂ ನನ್ನ ತಟ್ಟೆಯೇ. ಚಿತ್ರಾನ್ನ, ಮುದ್ದೆ, ಮೊಸರನ್ನ, ಯಾವುದರ ಅಡಿಯಲ್ಲಿ ಬಚ್ಚಿಟ್ಟುಕೊಂಡರೂ ಕೂಸು ಅಂಬಾನನ್ನು ಬಿಡಿಸಿ ತರುತ್ತದಂತೆ. ಮೊನ್ನೆ ಡಾಕ್ಟರು ತೂಕ ನೋಡಿ ತಲೆಯಾಡಿಸಿದರಂತೆ. ಚಡ್ಡಿಗೆ ಹಾಕಿದ್ದ ಪಿನ್ನು ತೆಗೆದೆ ಎಂದು ಸವಿತಾ ಹೇಳಿದಾಗ ನಾನು ಆ ಮಾತನ್ನು ಮೂರು ಸಲ ಹೇಳಿಸಿದೆ.

ಇಷ್ಟಾದ ಮೇಲೆ ನಾನು ನಿಶ್ಚಿಂತೆಯಿಂದ ಉಂಡು ತಿಂದು ಇರಬೇಕಾಗಿತ್ತು. ಆದರೆ ಅಜ್ಜಿಯ ಕಣ್ಣಿಗೆ ಸುದ್ದಿ ಸಾಲುವುದಿಲ್ಲ, ನೋಡಬೇಕು. ದಿನಾ ಮಧ್ಯಾಹ್ನ ಒಂದು ಗಂಟೆಗೆ ಜಯಮ್ಮನವರು ಕೂಸಿನ ಬೆನ್ನ ಹಿಂದೆ, ಅದಕ್ಕೆ ಕಾಣದ ಹಾಗೆ, ಫೋನನ್ನು ಗೂಡಿನಲ್ಲಿಟ್ಟು ವಿಡಿಯೋ ಹಚ್ಚುತ್ತಾರೆ. ನಾನು ಸೋಸಲೆಯಲ್ಲಿ ತಟ್ಟೆ ಮುಂದಿಟ್ಟುಕೊಂಡು, ನೀರಿನ ಚೊಂಬಿಗೆ ಫೋನು ಒರಗಿಸಿ ಕೂರುತ್ತೇನೆ. ಕಾಣುವುದು ಬೆನ್ನು, ಎರಡು ಜಡೆ, ಮೇಲೆ ಕೆಳಗೆ ಆಡುವ ಒಂದು ಪುಟ್ಟ ಮೊಣಕೈ, ಅಷ್ಟೇ. ಅಷ್ಟು ಸಾಕು. ಮೊನ್ನೆ ಹಾಗೆ ನೋಡುತ್ತ ಕೂತಿದ್ದಾಗ ಯಜಮಾನರು ತಮ್ಮ ಊಟ ಮುಗಿಸಿ ಕೈ ತೊಳೆದು ಬಂದರು. ನನ್ನ ಮುದ್ದೆ ಮುರಿಯದೆ ಹಾಗೆಯೇ ಗಟ್ಟಿಯಾಗಿತ್ತು, ಸಾರಿನ ಮೇಲೆ ಕೆನೆ ಕಟ್ಟಿತ್ತು. "ಅಮ್ಮಿ, ಫೋನ್ ಮಡಗ್ಬುಟ್ಟು ಉಣ್ಣು" ಎಂದರು. ಹೂಂ ಎಂದೆ. "ಎಲ್ಲಿಗೆ ಬಂತು ಮೊಮ್ಮಗ್ಳ ಊಟ?" ಎಂದರು. "ನಾಕನೇ ಕಾಲು" ಎಂದೆ. ಅವರು ನಿಟ್ಟುಸಿರು ಬಿಟ್ಟು ಪಕ್ಕದಲ್ಲಿ ಕೂತು, ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನಾನು ಪರದೆ ನೋಡುತ್ತ ಬಾಯಿ ಕಳೆಯುವುದನ್ನೇ ಕಾದು, ಆ ಸಂದಿನಲ್ಲಿ ತುತ್ತು ತುರುಕಿದರು.